ಮುನಿಯಮ್ಮ ಉಳಿಸಿದ ಗುಲಾಬಿ

ಮುನಿಯಮ್ಮ ತೀರಿಕೊಂಡದ್ದು ಕಳೆದ ನವೆಂಬರ್‌ನ ಎರಡನೇ ಬುಧವಾರ ಬೆಳಿಗ್ಗೆ, ಬಂಗಾರಪೇಟೆಗೆ ಮೂರು ಮೈಲಿ ದೂರದ ತಮ್ಮ ಹಳ್ಳಿಯಲ್ಲಿ. ಹನ್ನೊಂದನೇ ದಿನದ ಕಾರ್ಯಕ್ಕೆ ನಾನು ಹೋಗಿದ್ದೆ. ಊಟಕ್ಕೆ ಎಲೆ ಹಾಕುವ ಮೊದಲು ಕೈ ತೊಳೆಯಲು ಕೊಟ್ಟಿಗೆಯ ಕಡೆ ನಡೆದಾಗ, ಬಾಯಿ ಬಿಚ್ಚಿಟ್ಟ ಮೂಟೆಯೊಂದರಿಂದ ಬೇವಿನ ಹಿಂಡಿಯ ವಾಸನೆ ಬಂತು. ಹಳೆಯ ಎಣ್ಣೆಯ ಕಮಟು ಬೆರೆತ ಕಹಿ. ಮೂಗಿಗಿಂತ ಮೊದಲು ಗಂಟಲಿಗೆ ತಾಗುವಂಥದ್ದು. ಬೇರೆಯವರಿಗೆ ಮೂಗು ಮುಚ್ಚಿಕೊಳ್ಳುವಂತೆ ಮಾಡುವ ವಾಸನೆಯೊಂದು ನಿಮಗೆ ಮಾತ್ರ ತವರಿನಂತೆ ಅನಿಸಿದ್ದರೆ, ನಾನು ಆ ಮೂಟೆಯ ಪಕ್ಕ ಯಾಕೆ ಅಷ್ಟು ಹೊತ್ತು ನಿಂತೆ ಎಂಬುದು ನಿಮಗೆ ತಿಳಿಯುತ್ತದೆ.

ನಮ್ಮ ಮನೆ ಕೆಜಿಎಫ್‌ನಲ್ಲಿತ್ತು. ಅಪ್ಪ ಅಲ್ಲಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಗದಗಿನ ಕಡೆಯಿಂದ ಬಂದ ನಮಗೆ ಎರಡು ಕೋಣೆಯ ಕ್ವಾರ್ಟರ್ಸ್, ಅದರ ಮುಂದೆ ಒಂದು ತುಂಡು ಕೆಂಪು ನೆಲ ಸಿಕ್ಕಿತ್ತು. ಆ ನೆಲದಲ್ಲಿ ಅಮ್ಮ ನಾಲ್ಕು ಗುಲಾಬಿ ಗಿಡ ಇಟ್ಟಿದ್ದಳು. ಮೂರು ಸಂತೆಯಲ್ಲಿ ಕೊಂಡವು. ನಾಲ್ಕನೆಯದು ಅಜ್ಜಿಯ ಹಿತ್ತಲಿನ ಗಿಡದ ಕಡ್ಡಿ. ತಿಳಿಗುಲಾಬಿ ಬಣ್ಣದ, ಎಸಳು ಬೇಗ ಉದುರುವ, ಆದರೆ ಮುಡಿದರೆ ಸಂಜೆಯವರೆಗೂ ಘಮಘಮಿಸುವ ನಾಡು ಗುಲಾಬಿ ಅದು. ಅಜ್ಜಿ ತೀರಿಕೊಂಡ ವರ್ಷ ಮಾವಂದಿರು ಹಿತ್ತಲಿಗೆ ಸಿಮೆಂಟು ಹಾಕಿಸಿದರು. ತಾಯಿ ಗಿಡ ಹೋಯಿತು. ಕಡ್ಡಿಯಿಂದ ಬಂದ ಈ ಗಿಡವೊಂದೇ ಉಳಿಯಿತು. ಅಮ್ಮ ಇದನ್ನು ಯಾರ ಮುಂದೆಯೂ ಹೇಳಿಕೊಂಡವಳಲ್ಲ. ಮುಖ ತೊಳೆಯುವ ಮೊದಲು ಬಾಗಿಲು ತೆಗೆದು ಆ ಗಿಡವನ್ನು ಒಮ್ಮೆ ನೋಡುತ್ತಿದ್ದಳು, ಅಷ್ಟೆ.

ಒಂದು ವರ್ಷ ಮಳೆಗಾಲಕ್ಕೆ ಮುಂಚೆ ಅಪ್ಪ ಒಂದು ಕೆಲಸ ಮಾಡಿದರು. ಗದಗಿನ ಕಡೆ ನಮ್ಮ ಊರಿನದು ಕಪ್ಪು ಎರೆ ಮಣ್ಣು, ನೀರು ನಿಂತರೆ ಬೇರು ಕೊಳೆಯುತ್ತದೆ. ಅದಕ್ಕೆ ಉಸುಕು ಬೆರೆಸುವುದನ್ನು ಅವರು ಚಿಕ್ಕಂದಿನಿಂದ ನೋಡಿದ್ದವರು. ಇಲ್ಲಿ ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯ ಕಡೆ ಬೆಟ್ಟದಷ್ಟು ಎತ್ತರದ ದಿಬ್ಬಗಳು, ಹಿಟ್ಟಿನಷ್ಟು ನಯವಾದ ಬೂದು ಬಣ್ಣದ ಮಣ್ಣು. ಕಲ್ಲನ್ನು ಅರೆದು, ಸಯನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಗಣಿ ಕಸ ಅದು ಎಂದು ಹೊಸಬರಾದ ಅಪ್ಪನಿಗೆ ಹೊಳೆಯಲಿಲ್ಲ. ಸೈಕಲ್ಲಿನ ಮೇಲೆ ನಾಲ್ಕು ಚೀಲ ತಂದು ಗಿಡಗಳ ಬುಡ ಬಿಡಿಸಿ ತುಂಬಿದರು. ಮೂರನೇ ವಾರಕ್ಕೆ ಎಲೆಯ ಅಂಚು ಸುಟ್ಟಂತಾಯಿತು. ಅಪ್ಪ ನೀರು ಹೆಚ್ಚಿಸಿದರು. ಆಮೇಲೆ ಮೊಗ್ಗುಗಳು ಬಿರಿಯದೆ ಕಪ್ಪಾದವು, ಚಿಗುರಿಗೆ ಗಿಡಹೇನು ಮುತ್ತಿತು.

ಮುನಿಯಮ್ಮ ನಮಗೆ ಹಾಲು ಕೊಡುತ್ತಿದ್ದವರು. ಬಂಗಾರಪೇಟೆಯಿಂದ ಬೆಳಗಿನ ರೈಲಿನಲ್ಲಿ ಕ್ಯಾನು ಹಿಡಿದು ಬರುತ್ತಿದ್ದರು. ಒಂದು ದಿನ ಹಾಲು ಅಳೆಯುತ್ತಿದ್ದವರು ಕೈ ನಿಲ್ಲಿಸಿ, ಗಿಡದ ಬುಡದಿಂದ ಒಂದು ಚಿಟಿಕೆ ಮಣ್ಣು ತೆಗೆದು ಬೆರಳ ನಡುವೆ ಉಜ್ಜಿದರು.

“ಇದ್ಯಾರು ತಂದು ಉಯ್ದೋರು?”

ಅಪ್ಪ ಶೂ ಹಾಕಿಕೊಳ್ಳುತ್ತಿದ್ದರು. “ನಾನಽ. ಯಾಕ್ರಿ? ನಮ್ಮ ಕಡೆ ಉಸುಕು ಹಾಕ್ತೇವ್ರಿ.”

“ಅಯ್ಯೋ ಸಾಮಿ, ಇದ್ರಾಗೆ ಬಂಗಾರ ಉಳ್ದದೆ ಅಂತ ತಂದ್ರಾ? ಆ ದಿಬ್ಬದ್ ಮ್ಯಾಲೆ ಒಂದ್ ಉಲ್ಕಡ್ಡಿ ಉಟ್ಟಿರೋದು ಕಂಡಿದ್ದೀರಾ?”

ಅಮ್ಮ ಹಾಲಿನ ಪಾತ್ರೆ ಕೆಳಗಿಟ್ಟು ಕೊನೆಯ ಗಿಡ ತೋರಿಸಿದಳು. “ಇದು ನಮ್ಮವ್ವನ ಗಿಡ ಐತ್ರಿ. ಎಲ್ಲಾ ಹೋಗ್ಲಿ, ಇದೊಂದು ಉಳಸ್ರಿ.”

“ನಾನೇನ್ ದ್ಯಾವ್ರಾ? ನೋಡಾನ ಇರು,” ಎಂದರು ಮುನಿಯಮ್ಮ.

ಮರುದಿನ ಅವರು ಕ್ಯಾನಿನ ಜೊತೆ ಒಂದು ಮೂಟೆ ಹಳೆಯ ಸಗಣಿ ಗೊಬ್ಬರ, ಸೆರಗಿನ ಗಂಟಿನಲ್ಲಿ ಬೇವಿನ ಹಿಂಡಿ ತಂದರು. ರೈಲಿನಲ್ಲಿ ಒಬ್ಬ ಮೂಗು ಮುರಿದನಂತೆ. “ನೀ ತಿನ್ನೋ ಸೊಪ್ಪೇನ್ ಅತ್ತರ್ ಸೀಸ್ಯಾಗೆ ಬೆಳೀತದಾ ಅಂದೆ. ಎದ್ದು ಅತ್ಲಾಗ್ ಓದ,” ಎಂದು ನಕ್ಕರು. ನಾಲ್ಕೂ ಗಿಡ ಕೀಳಿಸಿದರು. ಬೇರಿಗೆ ಅಂಟಿದ್ದ ಬೂದು ಮಣ್ಣು ಹೋಗುವವರೆಗೆ ಬಕೆಟ್ ಮೇಲೆ ಬಕೆಟ್ ನೀರಿನಲ್ಲಿ ಅಲುಗಿಸಿ ತೊಳೆದರು. ಮಗುವಿನ ತಲೆ ತೊಳೆಯುವ ಹಾಗೆ, ಒಂದು ಎಳೆಯೂ ಹರಿಯದಂತೆ. ಕೊಂಬೆಗಳನ್ನು ಗೇಣುದ್ದಕ್ಕೆ ಓರೆಯಾಗಿ ಕತ್ತರಿಸಿ ಗಾಯಕ್ಕೆ ಸಗಣಿ ಮೆತ್ತಿದರು. ಅಂಗಳದ ಇನ್ನೊಂದು ಬದಿಯ ಕೆಂಪು ನೆಲದಲ್ಲಿ ಗುಂಡಿ ತೋಡಿ, ಗೊಬ್ಬರ ಮತ್ತು ಹಿಂಡಿ ಬೆರೆಸಿ ನೆಟ್ಟು, ಮೇಲೆ ಕಡಲೆಕಾಯಿ ಸಿಪ್ಪೆ ಹರಡಿದರು. ದಿಬ್ಬದ ಮಣ್ಣನ್ನು ಬಾಚಿ ಅದೇ ಚೀಲಗಳಿಗೆ ತುಂಬಿಸಿ ಅಪ್ಪನ ಕಡೆ ನೋಡಿದರು. “ತಂದೋರೇ ಒತ್ಕೊಂಡೋಗಿ ಅಲ್ಲೇ ಉಯ್ದು ಬನ್ನಿ.” ಅಪ್ಪ ಆ ಭಾನುವಾರ ನಾಲ್ಕು ಸಲ ಸೈಕಲ್ ತುಳಿದರು.

ಸಂತೆಯ ಗಿಡಗಳು ಚಿಗುರಿ ಅವಕ್ಕೆ ಮತ್ತೆ ಹೇನು ಹತ್ತಿದಾಗ ಔಷಧಿ ಹೊಡೆಯೋಣವೇ ಎಂದು ಅಪ್ಪ ಒಮ್ಮೆ ಕೇಳಿದ್ದುಂಟು. “ಈ ಅಂಗಳದ್ ಉಲ್ಲು ಕಿತ್ಕೊಂಡೋಗಿ ನಮ್ ಅಸಕ್ಕೆ ಆಕ್ತೀನಿ. ಅದ್ರ ಆಲು ನಿಮ್ ಮಗಳು ಕುಡೀತಾಳೆ. ಒಡೀರಿ ಬೇಕಾದ್ರೆ,” ಎಂದರು ಮುನಿಯಮ್ಮ. ಅದರ ಬದಲು ಬೇವಿನ ಬೀಜ ಜಜ್ಜಿ ನೆನೆಸಿದ ನೀರಿಗೆ ಅಂಟುವಾಳದ ನೊರೆ ಸೇರಿಸಿ, ಪೊರಕೆ ಕಡ್ಡಿಯಿಂದ ಎಲೆಗಳ ಅಡಿಗೆ ಚಿಮುಕಿಸುವುದನ್ನು ನನಗೂ ಕಲಿಸಿದರು. “ಮ್ಯಾಲಲ್ಲ ಅಮ್ಮಣ್ಣಿ, ಅಡೀಗೆ. ಕಳ್ಳ ಎಲ್ಲಾನಾ ಬಾಗ್ಲಾಗೆ ಕೂತಿರ್ತಾನಾ?” ಅಕ್ಕಿ ತೊಳೆದ ನೀರು, ಹುಳಿ ಮಜ್ಜಿಗೆ ತಪ್ಪದೆ ಬುಡಕ್ಕೆ ಹೋಗುತ್ತಿದ್ದವು. ಸಂತೆಯ ಗಿಡಗಳಲ್ಲಿ ಎರಡು ಸತ್ತವು. ಅವರು ಅದಕ್ಕೆ ಕಾರಣ ಹುಡುಕಲಿಲ್ಲ. ಕಿತ್ತು ಪಕ್ಕಕ್ಕಿಟ್ಟು ಉಳಿದವುಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಓದು ಬರಹ ಬಾರದ ಆ ಹೆಂಗಸಿನಷ್ಟು ಗಮನವಿಟ್ಟು ಒಂದು ಎಲೆಯನ್ನು ನೋಡುವವರನ್ನು ನಾನು ಆಮೇಲೆ ಕಾಣಲಿಲ್ಲ. ಅಜ್ಜಿಯ ಗಿಡ ಎರಡು ತಿಂಗಳು ಬರೀ ಕಡ್ಡಿಯಾಗಿ ನಿಂತಿತ್ತು. ದಸರೆಯ ರಜೆಯಲ್ಲಿ ಕೆಂಪು ಚಿಗುರು ಹೊರಟಿತು. ಮೊದಲ ಹೂವನ್ನು ಅಮ್ಮ ದೇವರಿಗೆ ಇಡಲಿಲ್ಲ. ಮುನಿಯಮ್ಮನ ಜಡೆಗೆ ಸಿಕ್ಕಿಸಿದಳು. “ಈ ವಯಸ್ನಾಗೆ ಗುಲಾಬಿ ಮುಡ್ಕೊಂಡ್ ರೈಲತ್ತಿದ್ರೆ ನಮ್ ಯಜಮಾನ ಅನುಮಾನ ಪಡ್ತಾನೆ ಕಣಮ್ಮ,” ಎಂದರೂ ಅವರು ಅದನ್ನು ತೆಗೆಯಲಿಲ್ಲ.

ಅಪ್ಪ ನಿವೃತ್ತರಾದಾಗ ಕ್ವಾರ್ಟರ್ಸ್ ಬಿಟ್ಟೆವು. ಅಮ್ಮ ಗದಗಿಗೆ ಒಯ್ದ ಕಡ್ಡಿಗಳು ಬೇರು ಬಿಡಲಿಲ್ಲ. ಮುಂದಿನ ಬೇಸಿಗೆಯಲ್ಲಿ ಕೆಜಿಎಫ್‌ಗೆ ಹೋದ ಅಪ್ಪ, ಖಾಲಿ ಮನೆಯ ಮುಂದೆ ಗಿಡ ಒಣಗಿ ನಿಂತದ್ದನ್ನು ಕಂಡು ಬಂದರು. ಈಗ ಅಪ್ಪ ಇಲ್ಲ. ಆ ಸಾಲಿನ ಮನೆಗಳಿಗೆ ಬಾಗಿಲು, ಕಿಟಕಿ ಇಲ್ಲ.

ಹನ್ನೊಂದನೇ ದಿನ ಕೊಟ್ಟಿಗೆಯ ಹತ್ತಿರ ನಿಂತಿದ್ದ ನನ್ನನ್ನು ಮುನಿಯಮ್ಮನ ಸೊಸೆ ಹಿತ್ತಲಿಗೆ ಕರೆದಳು. ತಿಪ್ಪೆಯ ಅಂಚಿನಲ್ಲಿ ಆಳೆತ್ತರದ ಗುಲಾಬಿ ಗಿಡವಿತ್ತು. “ನಿಮ್ ಮನೇಲಿ ಕತ್ರಿಸಿದ್ ಕಡ್ಡಿ ಅಂತೆ. ಬಿಸಾಕಕ್ಕೆ ಮನ್ಸು ಬರ್ಲಿಲ್ಲ ಅಂತಿತ್ತು ನಮ್ಮತ್ತೆ,” ಎಂದಳು. ಬಣ್ಣ ಅದೇ, ಘಮವೂ ಅದೇ. ಅವಳೇ ಐದು ಕಡ್ಡಿ ಕತ್ತರಿಸಿ, ಒದ್ದೆ ಗೋಣಿ ಸುತ್ತಿ, ಜೊತೆಗೆ ತಿಪ್ಪೆಯ ಗೊಬ್ಬರ ಒಂದು ಚೀಲ ಕೊಟ್ಟಳು. ಎರಡು ದಿನದ ಮೇಲೆ ಗದಗಿನಲ್ಲಿ, ನನ್ನ ತಮ್ಮನ ಮನೆಯ ಅಂಗಳದಲ್ಲಿ ಅಮ್ಮ ತಾನೇ ಗುಂಡಿ ತೋಡಿ ಅವನ್ನು ನೆಟ್ಟಳು.

ನಿನ್ನೆ ಬೆಳಿಗ್ಗೆ ಅಮ್ಮ ಫೋನ್ ಮಾಡಿದ್ದಳು. ನಾಲ್ಕು ಒಣಗಿವೆ. ಐದನೆಯದರ ಸಿಪ್ಪೆಯನ್ನು ಉಗುರಿನಿಂದ ಗೀರಿ ನೋಡಿದಳಂತೆ. ಒಳಗೆ ಹಸಿರಿದೆ.