ದೊಡ್ಡಮ್ಮನ ನಿಲುವಂಗಿಯ ಅಂಚು

ನಮ್ಮ ದೊಡ್ಡಮ್ಮ ದರ್ಜಿ. ಶಾಲೆಯ ಸಮವಸ್ತ್ರ, ನರ್ಸುಗಳ ಕೋಟು ಹೊಲಿಯುವುದು ಅವಳ ಕಸುಬು. ಬಾಗಿಲಲ್ಲಿ ನಿಂತವರನ್ನು ನೋಡಿಯೇ ಎದೆ ಇಷ್ಟು, ತೋಳು ಇಷ್ಟು ಅನ್ನುವಳು. ಹದಿನಾಲ್ಕು ವರ್ಷದಿಂದ ಅವಳ ಪಕ್ಕದಲ್ಲಿ ಕೂತು ಕಾಜಾ ಹಾಕುತ್ತಿರುವ ನಾನು ಹೇಳುತ್ತೇನೆ, ಅಂಥ ಕಣ್ಣಳತೆ ಇನ್ನೊಬ್ಬರಿಗಿಲ್ಲ. ತನ್ನ ಮೈ ವಿಷಯದಲ್ಲಿ ಮಾತ್ರ ಆ ಕಣ್ಣು ಕೈಕೊಟ್ಟಿತು.

ಮುಟ್ಟು ನಿಂತು ಆರೇಳು ವರ್ಷವಾಗಿತ್ತು. ಅಂಗಡಿಯಲ್ಲಿ ತೊಡುವ ನೀಲಿ ನಿಲುವಂಗಿ ಕಾಲಿಗೆ ತೊಡರತೊಡಗಿತು. "ಹಾಳು ಬಟ್ಟೆ, ಒಗೆದೂ ಒಗೆದೂ ಜೋತುಬಿದ್ದಿದೆ" ಎಂದು ಬೈದು, ಹಳೆಯ ಅಳತೆಗೇ ಹೊಸದು ಹೊಲಿದುಕೊಂಡಳು. ಅದೂ ತೊಡರಿತು. ಹೊಸ ಬಟ್ಟೆ ಜೋತುಬೀಳುವುದುಂಟೆ? ನನಗೆ ಹೆದರಿಕೆಯಾಯಿತು. ಗೋಡೆಗೆ ನಿಲ್ಲಿಸಿ ಟೇಪು ಹಿಡಿದೆ. ಹಳೆಯ ಅಳತೆಗಿಂತ ಎರಡು ಇಂಚು ಕುಗ್ಗಿದ್ದಳು.

"ನಿನಗೆ ಟೇಪು ಹಿಡಿಯೋಕೆ ಬರಲ್ಲ ಕಣೇ. ನಾನು ಗುಂಡುಕಲ್ಲಿನ ಹಾಗಿದ್ದೀನಿ" ಎಂದಳು.

"ಕಲ್ಲಿರೋದು ನಿನ್ನ ಕಿಡ್ನೀಲಿ ದೊಡ್ಡಮ್ಮ. ಎರಡು ಸಲ ನೆಲದ ಮೇಲೆ ಹೊರಳಾಡಿದ್ದು ಮರೆತುಹೋಯ್ತಾ?"

ಅಂಚನ್ನು ಎರಡು ಇಂಚು ಮಡಚಿ ಮೆಷಿನ್ ಹೊಲಿಗೆ ಹಾಕಿಕೊಟ್ಟು, ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ.

ಬೆನ್ನಿನ ಎರಡು ಮೂಳೆ ಚಪ್ಪಟೆಯಾಗಿದ್ದವು. "ಕಲ್ಲೂ ಆಗಿದೆ, ಮೂಳೆಯೂ ಸವೆದಿದೆ. ಕ್ಯಾಲ್ಸಿಯಂ ಮೂತ್ರದಲ್ಲಿ ಹರಿದುಹೋಗ್ತಿದೆ ಅಂತ ನನಗೆ ಅನುಮಾನ" ಎಂದರು ಡಾಕ್ಟರಮ್ಮ. "ಅದನ್ನ ತಡೆಯೋ ಮಾತ್ರೆ ಇದೆ. ತಡೀದೆ ಬಿಟ್ರೆ ಮೂಳೆಗೆ ಏನು ಕೊಟ್ರೂ ತೂತು ಮಡಕೆಗೆ ನೀರು ಹೊಯ್ದ ಹಾಗೆ. ಮುಂದಿನ ಸಲ ಸೊಂಟವೇ ಮುರೀಬಹುದು." ಮೊದಲು ಪರೀಕ್ಷೆ ಆಗಬೇಕಿತ್ತು. ಒಂದು ಹಗಲು, ಒಂದು ರಾತ್ರಿಯ ಮೂತ್ರವನ್ನೆಲ್ಲ ಹನಿ ಬಿಡದೆ ಹಿಡಿಯಿರಿ, ದಿನಕ್ಕೆ ಒಟ್ಟು ಎಷ್ಟು ಕ್ಯಾಲ್ಸಿಯಂ ಹೋಗುತ್ತದೆಂದು ಲೆಕ್ಕ ಸಿಗಬೇಕು ಎಂದು ದೊಡ್ಡ ಕ್ಯಾನು ಕೊಟ್ಟರು.

ನಮ್ಮ ಅಂಗಡಿಗೆ ಸ್ವಂತ ಶೌಚಾಲಯವಿಲ್ಲ. ಕ್ಷೌರದವನ ಅಂಗಡಿ, ಗಡಿಯಾರ ರಿಪೇರಿಯವನ ಅಂಗಡಿ ದಾಟಿ ಹೋಗಬೇಕು. ಕ್ಯಾನು ಹಿಡಿದು ಅವರ ಮುಂದೆ ಓಡಾಡಲು ದೊಡ್ಡಮ್ಮ ಒಪ್ಪಲಿಲ್ಲ.

"ಮನೇಲಿ ಹೋಗಿದ್ದನ್ನ ಹಿಡಿದ್ರೆ ಸಾಕು ಬಿಡೇ. ಒಂದು ಚೂರು ಬಟ್ಟೆ ಮುಟ್ಟಿದ್ರೆ ಇಡೀ ತಾನಿನ ಗುಣ ಗೊತ್ತಾಗಲ್ವಾ?"

ನನಗೂ ಅದು ಸರಿಯೆನ್ನಿಸಿತು. ದರ್ಜಿಗಳ ಬುದ್ಧಿ! ಹಗಲಿಡೀ ಹೋದದ್ದೆಲ್ಲ ಚರಂಡಿಗೆ ಹೋಯಿತು. ಮರುದಿನ ಲ್ಯಾಬಿನವಳು "ಎಲ್ಲಾ ಹಿಡಿದಿದ್ದೀರಾ?" ಎಂದಾಗ, ದೊಡ್ಡಮ್ಮ ಬಾಯಿ ತೆರೆಯುವ ಮೊದಲೇ ನಾನು "ಹೂಂ" ಎಂದೆ.

ಕ್ಯಾಲ್ಸಿಯಂ ಸರಿಯಾಗಿದೆ ಎಂದು ಬಂತು. ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. "ಮೂತ್ರ ಇಷ್ಟು ಕಮ್ಮಿ ಯಾಕೆ? ನೀರು ಕುಡಿಯಲ್ವಾ?" "ಮೆಷಿನ್ ಬಿಟ್ಟು ಏಳೋಕಾಗಲ್ಲ" ಎಂದಳು ದೊಡ್ಡಮ್ಮ. ಅದೂ ನಿಜವೇ. ಮೂಳೆಗೆ ಬೇರೆ ಮಾತ್ರೆ ಬರೆದುಕೊಟ್ಟರು. ಸೋರಿಕೆ ತಡೆಯುವ ಮಾತ್ರೆಯ ಮಾತು ಅಲ್ಲಿಗೇ ನಿಂತಿತು.

ಒಂದು ವರ್ಷ ಕಳೆಯಿತು. ನಿಲುವಂಗಿ ಮತ್ತೆ ತೊಡರಲಿಲ್ಲ. ಅದನ್ನೇ ನೋಡಿ ನಾನು ನೆಮ್ಮದಿಯಿಂದಿದ್ದೆ.

ಒಂದು ಮಧ್ಯಾಹ್ನ ಕಪಾಟಿನಿಂದ ಬಿಳಿ ಬಟ್ಟೆಯ ತಾನು ಇಳಿಸಿಕೊಂಡು ನನ್ನ ಕಡೆ ತಿರುಗಿದಳು. ಎಡವಲಿಲ್ಲ, ಜಾರಲಿಲ್ಲ, ಸುಮ್ಮನೆ ತಿರುಗಿದಳು. ಲಟಕ್ಕೆಂದಿತು. ತಾನು ಬಿಚ್ಚಿಕೊಂಡು ಉರುಳಿತು, ಅದರ ಮೇಲೆ ಅವಳು ಬಿದ್ದಳು. ಸೊಂಟ ಮುರಿದಿತ್ತು.

ಆಸ್ಪತ್ರೆಯಲ್ಲಿ ಮೂತ್ರಕ್ಕೆ ನಳಿಗೆ ಹಾಕಿದರು. ಮಂಚಕ್ಕೆ ತೂಗುಹಾಕಿದ ಚೀಲಕ್ಕೆ ಈಗ ಒಂದು ಹನಿಯೂ ತಪ್ಪಲಿಲ್ಲ. ಮತ್ತೆ ಪರೀಕ್ಷೆಗೆ ಕಳಿಸಿದ ಡಾಕ್ಟರಮ್ಮ ಹಳೆಯದು, ಹೊಸದು ಎರಡೂ ಲ್ಯಾಬಿನ ಚೀಟಿ ಹಿಡಿದು ಬಂದರು. "ಮೂಳೆ ಮುರಿದು ಮಲಗಿದ್ರೆ ಕ್ಯಾಲ್ಸಿಯಂ ಸ್ವಲ್ಪ ಏರುತ್ತೆ, ಆದ್ರೆ ಇಷ್ಟಲ್ಲ. ಆವತ್ತು ನಿಜವಾಗ್ಲೂ ಎಲ್ಲಾ ಹಿಡಿದಿದ್ರಾ?"

"ಇಲ್ಲ. ಹೂಂ ಅಂದೋಳು ನಾನು" ಎಂದೆ.

"ಅವಳನ್ನ ಬೈಬೇಡಿ ಡಾಕ್ಟ್ರೇ" ಎಂದಳು ದೊಡ್ಡಮ್ಮ, ಕಣ್ಣು ಮುಚ್ಚಿಕೊಂಡೇ.

ಸೋರಿಕೆ ತಡೆಯುವ ಆ ಮಾತ್ರೆ ಅಂದೇ ಶುರುವಾಯಿತು. ಅವಳ ಬಟ್ಟೆಯ ಗಂಟನ್ನು ನಾನು ಮನೆಗೆ ತಂದೆ. ಒಗೆಯುವ ಮೊದಲು ನಿಲುವಂಗಿಯ ಅಂಚು ತಿರುವಿ ನೋಡಿದೆ. ನನ್ನ ಮೆಷಿನ್ ಹೊಲಿಗೆಯ ಮೇಲೆ ಇನ್ನೊಂದು ಮಡಿಕೆಯಿತ್ತು, ಪೂರಾ ಒಂದು ಇಂಚು. ನನ್ನ ಕಣ್ಣಿಗೆ ಬೀಳದಂತೆ ಮನೆಯಲ್ಲಿ ಕೂತು ಕೈಯಲ್ಲೇ ಸಣ್ಣಗೆ ಹೊಲಿದಿದ್ದಳು.