ತೂಕ ಅಷ್ಟೇ, ಎತ್ತರ ಹೆಚ್ಚು

ಗೆಳೆಯರೇ, ಇವತ್ತು ಹುಮನಾಬಾದಿನಲ್ಲಿ ನಾನು ನಡೆಸುವ ಮಕ್ಕಳ ದವಾಖಾನೆಯಲ್ಲಿ ಒಬ್ಬ ಅಜ್ಜಿ ನನ್ನನ್ನು ತರಾಟೆಗೆ ತೆಗೆದುಕೊಂಡರು.

ಆರು ತಿಂಗಳ ಹಿಂದೆ ಅವರು ಹಳ್ಳಿಖೇಡದಿಂದ ಹತ್ತು ವರ್ಷದ ಮೊಮ್ಮಗಳು ಭಾಗ್ಯಶ್ರೀಯನ್ನು ಕರೆತಂದಿದ್ದರು. ಎತ್ತರಕ್ಕೆ ಹೋಲಿಸಿದರೆ ತೂಕ ಬಹಳ ಹೆಚ್ಚಿತ್ತು. ನಾಲ್ಕು ಹೆಜ್ಜೆ ಓಡಿದರೆ ಏದುಸಿರು. ಬಾಟಲಿ ಜ್ಯೂಸು ಬಿಡಿಸಿ, ದಿನಾ ಆಡಿಸಿ ಎಂದಿದ್ದೆ.

ಇವತ್ತು ತೂಕದ ಯಂತ್ರ ಹಳೆಯ ಅಂಕಿಯನ್ನೇ ತೋರಿಸಿತು. ಅಜ್ಜಿಗೆ ಸಿಟ್ಟು ಬಂತು. "ಡಾಕ್ಟರಬಾಯಿ, ಇಕಿ ಜಿಗೀಲಿ ಅಂತ ದಿನಾ ಹಗ್ಗ ತಿರುವಾಕತ್ತೇನಿ. ನನ್ನ ರಟ್ಟಿ ಬಿದ್ದುಹೋದ್ವು. ಒಂದು ಕಿಲೋನೂ ಇಳಿದಿಲ್ಲ ಅಂದ್ರ ಹ್ಯಾಂಗ್ರಿ?"

ಹುಡುಗಿ ತಲೆ ತಗ್ಗಿಸಿದಳು. ನಾನು ಅವಳನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆದೆ. ಮೂರು ಸೆಂಟಿಮೀಟರ್ ಬೆಳೆದಿದ್ದಳು!

"ಅಜ್ಜಿ, ಬೆಳೆಯೋ ಮಕ್ಕಳ ತೂಕ ಇಳೀಲೇಬೇಕಂತಿಲ್ರಿ. ತೂಕ ಅಲ್ಲೇ ನಿಂತು ಎತ್ತರ ಏರಿದ್ರ ಅದೇ ಗೆಲುವು."

"ಅಂದ್ರ ನಾ ಪಾಸ್ ಏನ್ರಿ?" ಎಂದಳು ಭಾಗ್ಯಶ್ರೀ.

"ಫಸ್ಟ್ ಕ್ಲಾಸ್!"

ಅವಳ ಮುಖ ಅರಳಿದ್ದು ನೋಡಿ, ನನಗೇ ರ‍್ಯಾಂಕ್ ಬಂದಷ್ಟು ಹೆಮ್ಮೆಯಾಯಿತು.

ಸ್ವಲ್ಪ ಹೊತ್ತಿಗೆ ಹೊರಗೆ ಅಜ್ಜಿಯ ದನಿ ಕೇಳಿತು. ಸಾಲಿನಲ್ಲಿ ಕುಳಿತ ತಾಯಂದಿರಿಗೆ ಪಾಠ ನಡೆದಿತ್ತು: "ತೂಕ ಒಂದೇ ನೋಡಬ್ಯಾಡ್ರಿ, ಎತ್ತರಾನೂ ನೋಡ್ರಿ!" ನಾನು ಹೇಳಿದರೆ ಹತ್ತು ಪ್ರಶ್ನೆ ಕೇಳುವವರೆಲ್ಲ ಅಜ್ಜಿಯ ಮುಂದೆ ಸುಮ್ಮನೆ ತಲೆಯಾಡಿಸುತ್ತಿದ್ದರು.