ಉಗ್ಗನ್ನು ಉಗ್ಗೆಂದೇ ಕರೆದ ಆಶಾರಾಣಿ ಮೇಡಂ

ಹುಣಸೂರು, ಪಿರಿಯಾಪಟ್ಟಣದ ಸೀಮೆಯಲ್ಲಿ ಅಕ್ಷರ ಕಲಿಸಿದವರಿಗೆ ಬರವಿಲ್ಲ. ಆದರೆ ಮಗುವಿನ ಬಾಯಲ್ಲಿ ಸಿಕ್ಕಿಕೊಂಡ ಮಾತು ತಾನಾಗಿ ಹೊರಬರುವವರೆಗೆ ಸುಮ್ಮನೆ ಕೂತು ಕಾಯಬಲ್ಲ ಶಿಕ್ಷಕರಲ್ಲಿ ಶ್ರೀಮತಿ ಆಶಾರಾಣಿಯವರದು ಮೊದಲ ಹೆಸರು. ಹಾಲು ಕಾಯುವವರೆಗೂ ಒಲೆಯ ಮುಂದೆ ನಿಲ್ಲಲಾರದ ಇವರಿಗೆ ಈ ತಾಳ್ಮೆ ಎಲ್ಲಿಂದ ಬಂತೆಂದು ಸಹೋದ್ಯೋಗಿಗಳು ಇಂದಿಗೂ ಛೇಡಿಸುವುದುಂಟು. ಅದು ಬಂದದ್ದು ಒಂದು ತಪ್ಪಿನಿಂದ.

ಸಾಲಿಗ್ರಾಮದಲ್ಲಿ ಸೇವೆ ಆರಂಭಿಸಿ, ಹನಗೋಡಿಗೆ ವರ್ಗವಾಗಿ ಬಂದ ವರ್ಷ, ಐದನೇ ತರಗತಿಯ ರಮ್ಯ ಪಾಠ ಓದಲು ಎದ್ದಾಗಲೆಲ್ಲ ಮೊದಲಕ್ಷರದಲ್ಲೇ ನಿಂತುಬಿಡುತ್ತಿದ್ದಳು. ಮಗು ನೊಂದುಕೊಳ್ಳದಿರಲೆಂದು ಮೇಡಂ ಅವಳ ಸರದಿಯನ್ನೇ ದಾಟಿಸತೊಡಗಿದರು. ಅದನ್ನೇ ಕರುಣೆಯೆಂದು ತಿಳಿದರು. ಆರು ತಿಂಗಳಾದ ಮೇಲೆ ಅವಳ ತಂದೆ, ಹೊಗೆಸೊಪ್ಪು ಬೆಳೆಯುವ ಚಲುವರಾಜು, ಹೆಂಡತಿ ಮಗಳೊಡನೆ ಟಿ.ಸಿ. ಕೇಳಲು ಬಂದರು.

"ಓದ್ಸಿದ್ದು ಸಾಕು ಬುಡಿ ಮೇಡಂ. ಇಸ್ಕೂಲಿಗೆ ಓಗಾಕಿಲ್ಲ ಅಂತ ಅಳ್ತಾ ಕುಂತವ್ಳೆ. ಮಿಸ್ಸೂ ನನ್ನ ಕೈಬುಟ್ರು ಅಂತಾಳೆ."

ರಮ್ಯಳ ಮನೆಯಲ್ಲಿ ಮಾತು ಸಲೀಸಾಗಲೆಂದು ದಿನಾ ಅವಳ ನಾಲಿಗೆಗೆ ಬಜೆ ಬೇರು ತೇಯ್ದು ಹಚ್ಚುತ್ತಿದ್ದರೂ, ಹೆಸರೆತ್ತಿದರೆ ಅಂಟಿಕೊಂಡೀತೆಂದು ಯಾರೂ ಉಗ್ಗಿನ ಮಾತನ್ನೇ ಆಡುತ್ತಿರಲಿಲ್ಲ. ಮೇಡಂ ಕುರ್ಚಿ ಬಿಟ್ಟೆದ್ದು ಮಗುವಿನ ಪಕ್ಕ ಬೆಂಚಿನಲ್ಲಿ ಕೂತು, ತಾಯಿ ಬೇಡವೆಂದು ಕಣ್ಸನ್ನೆ ಮಾಡುತ್ತಿದ್ದರೂ ಕೇಳಿಯೇಬಿಟ್ಟರು: "ರಮ್ಯ, ನಿಂಗೆ ಮಾತಾಡೋವಾಗ ಉಗ್ಗು ಬರುತ್ತೆ ಅಂತ ಗೊತ್ತಲ್ವಾ?"

ಉತ್ತರಕ್ಕೆ ಬಹಳ ಹೊತ್ತು ಹಿಡಿಯಿತು. "ಗೊ... ಗೊತ್ತು ಮಿಸ್. ಎ... ಎಲ್ರಿಗೂ ಗೊತ್ತು. ಯಾ... ಯಾರೂ ಬಾಯಿ ಬುಡಾಕಿಲ್ಲ."

"ನಿನ್ನ ಸರದಿ ದಾಟಿಸಿದ್ದು ನಂದೇ ತಪ್ಪು ಕಣವ್ವ," ಎಂದು ಮೇಡಂ ತಂದೆತಾಯಿಯ ಎದುರಿಗೇ ಒಪ್ಪಿಕೊಂಡರು. ನಾಳೆಯಿಂದ ಓದುತ್ತೀಯಾ ಎಂದದ್ದಕ್ಕೆ ರಮ್ಯ ತಲೆಯಾಡಿಸಿದಳು. ಚಲುವರಾಜು ಅರ್ಜಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಮರುದಿನ ಅವಳ ಒಂದು ಪ್ಯಾರಾ ಮುಗಿಯುವಷ್ಟರಲ್ಲಿ ಗಂಟೆಯೇ ಹೊಡೆಯಿತು. ಪದ ಎತ್ತಿಕೊಡಲು ಹೋದವರನ್ನು ಮೇಡಂ ಗದರಿದ್ದು ಪಕ್ಕದ ಕೋಣೆಗೂ ಕೇಳಿಸಿತು.

ಮುಂದೆ ಪಿರಿಯಾಪಟ್ಟಣದಲ್ಲಿ, ಶನಿವಾರ ಬೆಳಗಿನ ಶಾಲೆ ಮುಗಿದೊಡನೆ ಉಗ್ಗುವ ಮಕ್ಕಳನ್ನೂ ಹೆತ್ತವರನ್ನೂ ತಮ್ಮ ಮನೆಯ ಜಗಲಿಯಲ್ಲಿ ಒಟ್ಟಿಗೆ ಕೂರಿಸಿಕೊಂಡು, ಇದು ಶಾಪವಲ್ಲ, ಸೋಮಾರಿತನವಲ್ಲ, ಬೈದರೆ ಹೋಗುವಂಥದೂ ಅಲ್ಲವೆಂದು ತಿಳಿಹೇಳಿ, ಬೇಕಾದವರನ್ನು ಚಿಕಿತ್ಸೆಗೆಂದು ತಾವೇ ಮೈಸೂರಿನ ಬಸ್ಸು ಹತ್ತಿಸುತ್ತಿದ್ದರು. ಆದರೆ ರಮ್ಯಳ ಉಗ್ಗು ಪೂರ್ತಿ ಹೋಗಲಿಲ್ಲ. ಹೆಸರಿಟ್ಟು ಕರೆದು ತಾನೇ ಅದನ್ನು ಉಳಿಸಿಬಿಟ್ಟೆನೇನೋ ಎಂಬ ಅಳುಕು ಮೇಡಂ ಅವರಿಗೆ ಒಳಗೊಳಗೇ ಇತ್ತು.

ಕಳೆದ ತಿಂಗಳು ಮೇಡಂ ನಿವೃತ್ತರಾದಾಗ ನಡೆದ ಬೀಳ್ಕೊಡುಗೆಯಲ್ಲಿ, ಈಗ ಅಂಚೆ ಇಲಾಖೆಯಲ್ಲಿರುವ ರಮ್ಯ ಮೈಕಿನ ಮುಂದೆ ನಿಂತು, ಅವಸರಪಡದೆ ಹೇಳಿದಳು: "ಹೆಣ್ಣು ನೋಡಾಕೆ ಬಂದಾಗ ಅವ್ವ, ಬಾ... ಬಾಯಿ ತೆಗೀಬ್ಯಾಡ ಅಂದಿತ್ತು. ನಾನೇ ಮೊದ್ಲು ಹೇಳ್ದೆ, ನಂಗೆ ಉ... ಉಗ್ಗು ಬತ್ತದೆ, ಒಪ್ಪಿಗೆ ಇದ್ರೆ ಕಾಫಿ ಕುಡೀರಿ ಅಂತ. ಕು... ಕುಡುದ್ರು."

ಸಭೆಯೆಲ್ಲ ನಕ್ಕಿತು. ಆಶಾರಾಣಿಯವರು ಮಾತ್ರ ಅಷ್ಟು ವರ್ಷಗಳ ಅಳುಕು ಕರಗಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಸಂತೋಷಕ್ಕೆ ಅತ್ತುಬಿಟ್ಟರು. ನಿವೃತ್ತರಾದರೂ ಅವರ ಮನೆಯ ಜಗಲಿಗೆ ಮಕ್ಕಳು ಬರುವುದು ನಿಂತಿಲ್ಲ. ನಮ್ಮ ಮೇಡಂ ನೂರ್ಕಾಲ ಗಟ್ಟಿಯಾಗಿರಲಿ. ಅಲ್ಲಿ ಬಂದು ಕೂರುವ ಒಂದೊಂದು ಮಗುವೂ ತನ್ನ ಮಾತನ್ನು ತಾನೇ ಮುಗಿಸಿ ಏಳುವಂತಾಗಲಿ.